ಹೊಸ ಸುಣ್ಣದ ಮೇಲಿನ ಗೆರೆ

ಗೌರಿ ಹಬ್ಬದ ಹಿಂದಿನ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ನಾನು ಬಿಟಿಎಂ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ, ಪಿಳ್ಳಪ್ಪನವರ ಮನೆಯ ಗೇಟಿಗೆ ಎದುರಾಗಿ, ರಸ್ತೆಯ ಆಚೆ ಬದಿಯ ಹೊಂಗೆ ಮರದ ಕೆಳಗೆ ನಿಂತಿದ್ದೆ. ಮರದ ಬಲಕ್ಕೆ ನೀರಿನ ಕ್ಯಾನ್ ಅಂಗಡಿ. ಮಳೆ ಇರಲಿಲ್ಲ. ನನ್ನ ಎರಡೂ ಕೈಗಳಲ್ಲಿ ಬೇರೆಯವರ ಮನೆಯ ಗೌರಿ ಇದ್ದಳು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ತೆಗೆಯಲು ಕೈ ಖಾಲಿ ಇರಲಿಲ್ಲ.

ಮೊನ್ನೆ ಜೆ.ಪಿ. ನಗರದಲ್ಲಿ ಒಂದು ಹಳೆಯ ಮನೆ ನೋಡಲು ಹೋಗಿದ್ದೆ. ಹಬ್ಬ ಹತ್ತಿರವಾದ್ದರಿಂದ ಆ ಮನೆಯವರು ಹಿತ್ತಿಲ ಗೋಡೆಗೆ ಸುಣ್ಣ ಹೊಡೆಸಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ಕೂರಬೇಕೆನಿಸಿತು. ಮನೆಯವರು ನೀರು ತಂದುಕೊಟ್ಟು, "ಬಿಸಿಲಿಗೆ ಹಂಗಾಗತ್ತೆ ಮೇಡಂ" ಎಂದರು. ಅಂದು ಬಿಸಿಲೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಗೌರಿ ಹಿಡಿದು ನಿಂತಿದ್ದ ಆ ಮಳೆಗಾಲದ ಬಗ್ಗೆ ನನ್ನ ಬ್ಲಾಗಿನಲ್ಲಿ ಇರುವುದು ಗೋಡೆಯ ವಿಷಯ ಮಾತ್ರ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಲಾಗು ಮೊದಲು ಬ್ಲಾಗಾಗಿರಲಿಲ್ಲ. ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷ ನಾವೆಲ್ಲರೂ ನಮ್ಮ ನಮ್ಮ ಹೆಸರಿನಲ್ಲಿ ಒಂದೊಂದು ವೆಬ್‌ಸೈಟ್ ಮಾಡಬೇಕಿತ್ತು. ಅದಕ್ಕೆ ಅಂಕವಿತ್ತು. ನನ್ನದನ್ನು ತೆರೆದ ಕೂಡಲೇ ಮೇಲ್ಗಡೆ ಒಂದು ಹಲ್ಲುಚಕ್ರ ತಿರುಗುತ್ತಿತ್ತು. ಅದರ ಕೆಳಗೆ ದೊಡ್ಡದೊಂದು ಸೇತುವೆ, ಆಮೇಲೆ 'ನನ್ನ ಗುರಿ' ಎಂಬ ಪುಟ, ಗೆಳತಿಯರ ಜೊತೆಗಿನ ಫೋಟೊ. ಕೆಲಸ ಕೇಳಿಕೊಂಡು ಜಯನಗರದ ಶೇಷಾದ್ರಿ ಸರ್ ಬಳಿ ಹೋದಾಗ ಅವರು ಅಂಕಪಟ್ಟಿಯನ್ನು ಬದಿಗಿಟ್ಟು ಇದನ್ನು ತೆರೆದರು. ಕಟ್ಟಡಗಳ ಬಲ ಪರೀಕ್ಷಿಸಿ ಸಲಹೆ ಕೊಡುವ ಎಂಜಿನಿಯರ್ ಅವರು. ಮನೆಯ ಗ್ಯಾರೇಜಿನ ಮೇಲೆ ಅವರ ಆಫೀಸು.

"ಈ ಸೇತುವೆ ಎಲ್ಲಿದೆ?"

"ಗೊತ್ತಿಲ್ಲ ಸರ್. ನೆಟ್‌ನಲ್ಲಿ ಸಿಕ್ತು."

"ಇದು?"

"ಫ್ರೆಂಡ್ಸ್ ಸರ್. ಹುಳಿಮಾವು ಕೆರೆ ಹತ್ರ."

"ಕೆರೆ ಕಾಣಿಸ್ತಾ ಇಲ್ವಲ್ಲಮ್ಮ."

"ನಾವು ಅಡ್ಡ ನಿಂತಿದೀವಿ ಸರ್."

ಅವರು ನಗಲಿಲ್ಲ. "ಕೆಲಸ ಕೊಡ್ತೀನಿ. ಈ ವೆಬ್‌ಸೈಟ್ ಇಟ್ಕೋ. ಆದ್ರೆ ನೀನು ಕಣ್ಣಾರೆ ನೋಡದೇ ಇರೋದೆಲ್ಲ ತೆಗಿ. ಶನಿವಾರಕ್ಕೊಂದು ಬರಿ, ಆ ವಾರ ಕೆಲಸದಲ್ಲಿ ಏನು ಕಲಿತೆ ಅಂತ. ಎಲ್ಲಿ ನಿಂತಿದ್ದೆ, ಯಾವಾಗ ನಿಂತಿದ್ದೆ, ಅದು ಮೊದಲನೇ ಸಾಲು. ಆಮೇಲೆ ನೋಡಿದ್ದು. ಅನ್ಸಿದ್ದು ಕೊನೆಗೆ, ಜಾಗ ಉಳಿದ್ರೆ."

"ಯಾರು ಓದ್ತಾರೆ ಸರ್?"

"ನಾನು ಓದ್ತೀನಿ. ಸಾಲ್ದಾ?"

ನೋಡದ್ದನ್ನೆಲ್ಲ ತೆಗೆದ ಮೇಲೆ ಸೈಟಿನಲ್ಲಿ ಉಳಿದದ್ದು ಒಂದೇ ಫೋಟೊ: ಕಾಲೇಜಿನ ಲ್ಯಾಬಿನಲ್ಲಿ ಒಡೆದ ಕಾಂಕ್ರೀಟ್ ದಿಂಡು, ಮೂಲೆಯಲ್ಲಿ ನನ್ನ ಚಪ್ಪಲಿ. ಹಲ್ಲುಚಕ್ರವನ್ನು ಮಾತ್ರ ತೆಗೆಯಲಿಲ್ಲ. ಅದನ್ನು ತಿರುಗಿಸಲು ನಾನು ಬಹಳ ಕಷ್ಟಪಟ್ಟಿದ್ದೆ. ಮೊದಲ ಬರಹವನ್ನು ಇಂಗ್ಲಿಷಿನಲ್ಲಿ ಬರೆದೆ. ಸರ್ ಓದಿ, "ಇದು ನಿನ್ನ ಇಂಗ್ಲಿಷ್ ಅಲ್ಲ, ಯಾವುದೋ ಪುಸ್ತಕದ್ದು. ಮನೇಲಿ ಅಮ್ಮನಿಗೆ ಹೆಂಗೆ ಹೇಳ್ತೀಯೋ ಹಂಗೆ ಬರಿ" ಎಂದರು. ಹಾಗಾಗಿ ಕನ್ನಡಕ್ಕೆ ಬಂದೆ. ತಿಲಕ್ ನಗರದ ನಮ್ಮ ಮನೆಯಲ್ಲಿ ಅಮ್ಮ ಅದನ್ನು ಓದಿ, ಬರೀ ಸಿಮೆಂಟು ಮರಳು, ಒಂದು ಒಳ್ಳೆ ಮಾತಿಲ್ಲ ಎಂದಳು.

ಆಷಾಢ ಕಳೆಯುವ ಹೊತ್ತಿಗೆ ಪಿಳ್ಳಪ್ಪನವರು ಸರ್ ಅವರನ್ನು ಹುಡುಕಿಕೊಂಡು ಬಂದರು. ಬಿಟಿಎಂ ಇನ್ನೂ ಹೊಲವಾಗಿದ್ದಾಗ ಅವರ ಅಪ್ಪ ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲ ಹೋಗಿ ಉಳಿದ ಜಾಗದಲ್ಲಿ ಕಟ್ಟಿಸಿದ ಮನೆ. ಕೆಳಗೆ ಪಿಳ್ಳಪ್ಪನವರು ಮತ್ತು ಅವರ ಹೆಂಡತಿ ಜಯಮ್ಮ. ಮೇಲೆ ಬಾಡಿಗೆಗೆ ವಿಜಯಪುರದ ಕಡೆಯ ಸಾವಿತ್ರಿ, ಅವರ ಗಂಡ, ಇನ್ನೂ ಶಾಲೆಗೆ ಹೋಗದ ಮಗಳು ಐಶ್ವರ್ಯ. ಮಹಡಿಗೆ ಇದ್ದದ್ದು ಒಂದೇ ಮೆಟ್ಟಿಲು. ಅದು ಮನೆಯ ಹೊರಗೆ, ಪೂರ್ವದ ಗೋಡೆಗೆ ಅಂಟಿಕೊಂಡಿತ್ತು. ಆ ಗೋಡೆಯಾಚೆ ಕಿರಿದಾದ ಓಣಿ, ಒಂದು ಕಾಂಪೌಂಡು, ಅದರಾಚೆ ಪಕ್ಕದ ಸೈಟಿನಲ್ಲಿ ನೆಲಮಾಳಿಗೆಗೆಂದು ತೋಡಿದ ಗುಂಡಿ. ಗುಂಡಿ ತೋಡಿದ ಮೇಲೆ ಪೂರ್ವದ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿತ್ತು.

ಸರ್ ಬಿರುಕಿಗೆ ಅಡ್ಡಲಾಗಿ ಮೂರು ಕಡೆ ತೆಳುವಾದ ಗಾಜಿನ ಪಟ್ಟಿ ಅಂಟಿಸಿದರು. ಪಟ್ಟಿಯ ಒಂದು ತುದಿ ಬಿರುಕಿನ ಈಚೆ, ಇನ್ನೊಂದು ಆಚೆ, ಎರಡಕ್ಕೂ ಪ್ಲಾಸ್ಟರ್. ಗೋಡೆ ಅಲುಗಿದರೆ ಗಾಜು ಬಾಗುವುದಿಲ್ಲ, ಒಡೆಯುತ್ತದೆ. ವಾರಕ್ಕೊಮ್ಮೆ ಬಂದು ನೋಡಿ, ಒಂದೇ ಜಾಗದಿಂದ ಫೋಟೊ ತೆಗೆಯುವುದು ನನ್ನ ಕೆಲಸ.

ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತ ನಿಂತಿದ್ದರು. "ಇದೇನಮ್ಮ, ದೃಷ್ಟಿಗೆ ಕಟ್ಟೋದಾ? ಕುಂಬಳಕಾಯಿ ಆಗಿದ್ರೆ ನಾನೇ ತಂದಿರ್ತಿದ್ದೆ."

ಪಿಳ್ಳಪ್ಪನವರು ಗೋಡೆ ತಟ್ಟಿದರು. "ನಮ್ಮಪ್ಪ ಕಟ್ಸಿದ್ದು ಸಾರ್. ಆನೆ ನಿಂತಂಗೆ ನಿಂತೈತೆ. ಏನೋ ಒಂದು ಮಾತು ಕೇಳಣ ಅಂತ ಕರೆದೆ, ಅಷ್ಟೇಯ."

ಶ್ರಾವಣದುದ್ದಕ್ಕೂ ನನ್ನ ಶನಿವಾರಗಳು ಆ ಗೋಡೆಯವಾದವು. ಗಾಜು ಸರಿಯಾಗಿದೆ ಎಂದು ಬರೆದೆ. ಸರ್ ಸೋಮವಾರ ಕರೆದು, "ಸರಿಯಾಗಿದೆ ಅಂದ್ರೇನು? ಒಡೆದಿಲ್ಲ ಅಂತ ಬರಿ" ಎಂದರು. ಇನ್ನೊಂದು ವಾರ 'ಸದ್ಯಕ್ಕೆ ಭಯವಿಲ್ಲ' ಎಂದು ಬರೆದಿದ್ದೆ. "ಭಯ ಯಾರಿಗಿಲ್ಲ? ನಿಂಗಾ, ಗೋಡೆಗಾ?" ಅದನ್ನೂ ತೆಗೆಸಿದರು. ಮನೆ ಯಾವುದು, ರಸ್ತೆ ಯಾವುದು ಎಂಬುದು ಎಲ್ಲಿಯೂ ಬರಬಾರದು. ನೋಡಿದ್ದರಲ್ಲಿ ಮಾತ್ರ ಒಂದೂ ಬಿಡಬಾರದು. ಕಾಲೇಜಿನಲ್ಲಿ ಪುಟ ತುಂಬಿಸಲು ಕಲಿತಿದ್ದವಳಿಗೆ ಇದು ಬರವಣಿಗೆಯೇ ಅಲ್ಲ ಎನಿಸುತ್ತಿತ್ತು.

ಓದುವವರು ಇನ್ನೊಬ್ಬರು ಸಿಕ್ಕಿದರು. ಒಂದು ಬುಧವಾರ ಸಾವಿತ್ರಿ ಮೆಟ್ಟಿಲ ಮೇಲೆ ನಿಂತು, "ವಾರಾ ವಾರಾ ಒಂದೇ ಗ್ವಾಡಿ ಫೋಟೊ ತಗದು ಏನ್ ಮಾಡ್ತೀರಿ ಮೇಡಂ?" ಎಂದು ಕೇಳಿದಾಗ ಬ್ಲಾಗು ತೋರಿಸಿದೆ. ಮುಂದಿನ ವಾರ ಅವರೇ ಹೇಳಿದರು: "ನಿಮ್ಮದು ಓದಿದೆನ್ರಿ. ಮನಿಯವರಿಗೂ ಊಟಕ್ಕ ಕುಂತಾಗ ಓದಿ ಹೇಳ್ತೀನಿ. ಗುಂಡ್ಯಾಗಿನ ನೀರು ಒಮ್ಮೆಲೆ ತಗದ್ರ ಬುನಾದಿ ಕೆಳಗಿನ ಮಣ್ಣೂ ಅದರ ಜೋಡಿ ಬರ್ತದ ಅಂತ ಬರದೀರಲ್ಲ, ಖರೇ ಏನ್ರಿ?"

"ಖರೆ" ಎಂದೆ, ಅವರ ಮಾತಿನಲ್ಲೇ.

ಆ ವಾರ ಮಳೆ ಜೋರಾಯಿತು. ಗುಂಡಿಯಲ್ಲಿ ಆಳೆತ್ತರ ನೀರು ನಿಂತಿತು. ಮೆಟ್ಟಿಲ ನಡುವಿನ ಗಾಜು ಒಡೆಯಿತು. ಉದ್ದಕ್ಕಲ್ಲ, ಬಿರುಕಿನ ನೇರಕ್ಕೆ, ಚಾಕುವಿನಲ್ಲಿ ಕೊಯ್ದಂತೆ.

ಸರ್ ಇಬ್ಬರಿಗೂ ಲಿಖಿತವಾಗಿ ತಿಳಿಸಿದರು. ಪಕ್ಕದ ಸೈಟಿನ ಕಂಟ್ರಾಕ್ಟರಿಗೆ: ಗುಂಡಿಯ ಬದಿಗೆ ಗಟ್ಟಿ ಆಸರೆ ಕೊಡುವವರೆಗೆ ನೀರು ತೆಗೆಯಬೇಡಿ. ಪಿಳ್ಳಪ್ಪನವರಿಗೆ: ಮನೆ ಖಾಲಿ ಮಾಡಿ. ನಾನು ಶನಿವಾರ ಒಡೆದ ಗಾಜಿನ ಫೋಟೊ ಹಾಕಿ, ಕಂಡಷ್ಟನ್ನು ಬರೆದೆ.

ಮಂಗಳವಾರ, ಸರ್ ಪತ್ರದಲ್ಲಿದ್ದ ನನ್ನ ಹೆಸರು, ನಂಬರು ನೋಡಿ, ಕಂಟ್ರಾಕ್ಟರಿನ ಸೂಪರ್‌ವೈಸರ್ ಗಿರೀಶ ಫೋನ್ ಮಾಡಿದ. "ಮೇಡಂ, ನೀವು ಸ್ಟೂಡೆಂಟ್ ಅಂತೆ. ಪ್ರಾಜೆಕ್ಟಿಗೆ ಬೇರೆ ಯಾವ್ದೂ ಗೋಡೆ ಸಿಗ್ಲಿಲ್ವಾ?"

"ಸ್ಟೂಡೆಂಟ್ ಅಲ್ಲ. ಕೆಲಸ ಮಾಡ್ತಿದೀನಿ."

"ನಿಮ್ ವೆಬ್‌ಸೈಟ್ ನೋಡಿದ್ರೆ ಹಂಗನ್ಸಲ್ಲ. ಮೇಲ್ಗಡೆ ಚಕ್ರ ಸಖತ್ತಾಗಿ ತಿರುಗ್ತಿದೆ. ಅದನ್ನ ಡಿಲೀಟ್ ಮಾಡ್ಬಿಡಿ ಮೇಡಂ, ಚಕ್ರ ಅಲ್ಲ, ಆ ಗಾಜಿಂದು. ಸುಮ್ನೆ ಎಲ್ರಿಗೂ ತಲೆನೋವು."

ಅಂದು ಸಂಜೆ ಹಲ್ಲುಚಕ್ರವನ್ನು ತೆಗೆದೆ. 'ಸಿವಿಲ್ ವಿದ್ಯಾರ್ಥಿನಿ' ಎಂದು ಇದ್ದ ಕಡೆ ನನ್ನ ಹೆಸರು, ನಾನು ಮಾಡುವ ಕೆಲಸ, ಯಾರ ಕೈಕೆಳಗೆ ಎಂಬುದನ್ನು ಬರೆದೆ. ಉಳಿಸುವ ಮೊದಲು ಎರಡು ಸಲ ಓದಿದೆ. ವಿದ್ಯಾರ್ಥಿನಿ ತಪ್ಪು ಬರೆದರೆ ಒಂದು ಅಂಕ ಹೋಗುತ್ತದೆ ಅಷ್ಟೆ. ಗಾಜಿನ ಬರಹ ಇರಲೋ ಬೇಡವೋ ಎಂದು ಸರ್ ಅವರನ್ನು ಕೇಳಿದೆ.

"ಯಾರ ಮನೆ ಅಂತ ಗೊತ್ತಾಗತ್ತಾ?"

"ಇಲ್ಲ ಸರ್."

"ಅದ್ರಲ್ಲಿ ತಪ್ಪಿದೆಯಾ?"

"ಇಲ್ಲ."

"ಮತ್ತೆ ಏನು ತೆಗೀತೀಯ?"

ಮರುದಿನ ಪಿಳ್ಳಪ್ಪನವರ ಮನೆಗೆ ಹೋದಾಗ ಅವರು ಗೇಟಿನಲ್ಲೇ ತಡೆದರು. ಗಿರೀಶ ಅವರಿಗೂ ಫೋನ್ ಮಾಡಿದ್ದ. "ನಮ್ಮನೆ ಗೋಡೆ ಇಂಟರ್‌ನೆಟ್ಟಲ್ಲಿ ಹಾಕಿದ್ದೀಯಂತಲ್ಲಮ್ಮ. ನಾಳೆ ಈ ಮನೆಗೆ ಬಾಡಿಗೆಗೆ ಯಾವನು ಬತ್ತಾನೆ? ಖಾಲಿ ಮಾಡು ಅಂತೀರ. ಗೌರಿ ಹಬ್ಬ ಬಂತು. ತವರುಮನೆ ಅಂತ ಆ ತಾಯಿ ಬರೋ ಹೊತ್ತಿಗೆ ಬಾಗ್ಲಿಗೆ ಬೀಗ ಹಾಕ್ಕೊಂಡು ಹೋಗ್ಲಾ? ನಮ್ಮಪ್ಪನ ಕಾಲದಿಂದ ಒಂದು ವರ್ಷ ತಪ್ಪಿಲ್ಲ. ಹಬ್ಬ ಕಳೀಲಿ. ಅಲ್ಲೀಗಂಟ ನೀನೂ ಬರ್ಬೇಡ, ನಿಮ್ ಸಾರೂ ಬೇಡ."

ಅವರ ಮಾತಿನಲ್ಲಿ ಇದ್ದದ್ದು ಬರೀ ಹಟವಲ್ಲ. ಹೆದರಿಕೆ ಇತ್ತು. ಯಾವುದರ ಹೆದರಿಕೆ ಎಂಬುದು ನನಗೆ ಆಗ ಸ್ಪಷ್ಟವಾಗಲಿಲ್ಲ. ವಾಪಸ್ ಬಂದೆ. ಆ ಶನಿವಾರದ ಬರಹ ಒಂದೇ ಸಾಲು: ಗೇಟಿನಿಂದ ಗೋಡೆ ಕಾಣುವುದಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಸಾವಿತ್ರಿಯ ಫೋನ್ ಬಂತು. "ಮೇಡಂ, ಬಾಜೂ ಸೈಟಿನ್ಯಾಗ ಪಂಪ್ ಚಾಲೂ ಮಾಡ್ಯಾರ್ರಿ. ಮುಂಜಾನಿಂದ ನೀರು ತಗ್ಯಾಕತ್ತಾರ."

ಸರ್ ರಾಜಾಜಿನಗರದ ಕಡೆ ಕೆಲಸದಲ್ಲಿದ್ದರು. "ನಾನು ಹೊರಡ್ತೀನಿ. ನೀನು ಹತ್ರ ಇದೀಯ, ಮೊದಲು ಹೋಗು. ಬೈದ್ರೆ ಬೈಸ್ಕೋ" ಎಂದರು.

ಆಟೋದಿಂದ ಇಳಿಯುವಾಗಲೇ ಡೀಸೆಲ್ ಪಂಪಿನ ಸದ್ದು ಕೇಳಿತು. ಗುಂಡಿಯಿಂದ ಬಂದ ನೀರು ಚರಂಡಿಗೆ ಬೀಳುತ್ತಿತ್ತು. ಅದರ ಬಣ್ಣ ಹಾಲು ಹೆಚ್ಚಾದ ಚಹಾದಂತಿತ್ತು, ಮಣ್ಣು ತುಂಬಿದ ನೀರು. ಪಂಪಿನ ಹತ್ತಿರ ಯಾರೂ ಇರಲಿಲ್ಲ. ಸೈಟಿನ ತಗಡಿನ ಬಾಗಿಲಿಗೆ ಬೀಗ.

ಪಿಳ್ಳಪ್ಪನವರು ಗೌರಿ ತರಲು ಹೋಗಿದ್ದರು. ಜಯಮ್ಮ ಅಡುಗೆಮನೆಯಲ್ಲಿ ಕಜ್ಜಾಯ ಕರಿಯುತ್ತಿದ್ದರು. ಎಣ್ಣೆ ಸೋರುವ ಜಾಲರಿ ಸೌಟು ಹಿಡಿದೇ ಹೊರಗೆ ಬಂದು, ನನ್ನನ್ನು ನೋಡಿ ನಕ್ಕರು. "ಅವ್ರು ಇಲ್ದಾಗ ಬಂದೆ, ಬದ್ಕೊಂಡೆ. ಬಾ, ಗೋಡೆ ನೋಡು ಬಾ."

ಓಣಿಗೆ ಕಾಲಿಟ್ಟವಳು ಹಾಗೇ ನಿಂತೆ. ಪೂರ್ವದ ಗೋಡೆ ಪೂರಾ ಬೆಳ್ಳಗಿತ್ತು. ಬಿರುಕಿರಲಿಲ್ಲ. ಗಾಜಿನ ಮೂರು ಪಟ್ಟಿಗಳೂ ಇರಲಿಲ್ಲ.

"ಹಬ್ಬದ ಹೊತ್ತಲ್ಲಿ ಮನೇಲಿ ಒಡೆದಿರೋ ಗಾಜು ಇಟ್ಕೊಂಡಿರ್ತಾರಾ? ಮೂರೂ ಕಿತ್ತು ಬಿಸಾಕ್ದೆ. ಪುಟ್ಟಿ ಮೆತ್ತಿಸಿ ನಿನ್ನೆ ಸಂಜೆ ಸುಣ್ಣ ಹೊಡಿಸ್ದೆ. ಹೆಂಗೈತೆ? ಮದ್ವೆ ಮನೆ ಥರ ಇಲ್ವಾ?"

ಇತ್ತು. ನಾನು ನೋಡಿದ ದಿನದಿಂದ ಆ ಗೋಡೆ ಅಷ್ಟು ಚೆನ್ನಾಗಿ ಕಂಡಿರಲೇ ಇಲ್ಲ. ಅದು ಅಲುಗುತ್ತಿದೆಯೋ ಇಲ್ಲವೋ ಎಂದು ಹೇಳುವ ಒಂದು ವಸ್ತುವೂ ನನ್ನ ಮುಂದೆ ಉಳಿದಿರಲಿಲ್ಲ. ಪ್ರತಿ ವಾರ ಫೋಟೊ ತೆಗೆಯುತ್ತಿದ್ದ ಜಾಗಕ್ಕೇ ಹೋಗಿ ನಿಂತೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಫೋನನ್ನು ಕಣ್ಣಿನ ಎತ್ತರಕ್ಕೆ ಹಿಡಿದಾಗ, ಮೆಟ್ಟಿಲ ನಡುವೆ, ಸುಣ್ಣದ ಮೇಲೆ ಕೂದಲಿನಂಥ ಒಂದು ಗೆರೆ ಕಾಣಿಸಿತು. ಇಟ್ಟಿಗೆಯ ಸಾಲಿನಂತೆ ಮೆಟ್ಟಿಲು ಮೆಟ್ಟಿಲಾಗಿ ಅದು ಮೇಲಕ್ಕೆ ಹೋಗಿತ್ತು.

ಸರ್‌ಗೆ ಫೋನ್ ಮಾಡಿದೆ.

"ಸುಣ್ಣ ಒಣಗಿ ಬಿಟ್ಟಿರೋದಾ? ಬಲೆ ಥರ ಇದೆಯಾ?"

"ಇಲ್ಲ ಸರ್. ಒಂದೇ ಗೆರೆ. ಹಳೇ ಬಿರುಕಿನ ಮೇಲೇ ಇದೆ."

"ಉಗುರು ಆಡ್ಸು. ಸಿಕ್ಕಿಕೊಳ್ಳತ್ತಾ?"

ಮೆಟ್ಟಿಲು ಹತ್ತಿ, ಎಡದಿಂದ ಬಲಕ್ಕೆ ಉಗುರು ಎಳೆದೆ. ಗೆರೆಯ ಬಳಿ ಸಿಕ್ಕಿಕೊಂಡಿತು. ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿತ್ತು.

"ಸಿಕ್ಕತ್ತೆ ಸರ್."

"ಎಲ್ರನ್ನೂ ರಸ್ತೆಗೆ ಕರ್ಕೊಂಡು ಬಾ. ಈಗ. ವಿವರಿಸ್ತಾ ಕೂರ್ಬೇಡ."

ನಾನು ಮೆಟ್ಟಿಲ ನಡುವೆ ಇದ್ದುದರಿಂದ ಮೇಲಕ್ಕೇ ಹೋದೆ. ಬಾಗಿಲು ತೆರೆದ ಸಾವಿತ್ರಿ ನನ್ನ ಮುಖ ನೋಡಿದ್ದೇ ಒಳಗೆ ತಿರುಗಿದರು. ಬಾಗಿಲ ಪಕ್ಕದಲ್ಲಿ ಒಂದು ಚೀಲ ಸಿದ್ಧವಾಗಿತ್ತು. ಗಾಜು ಒಡೆದದ್ದನ್ನು ಓದಿದ ದಿನದಿಂದ ಅದು ಅಲ್ಲೇ ಇತ್ತು ಎಂದು ಆಮೇಲೆ ಹೇಳಿದರು. ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡರು, ನಾನು ಚೀಲ ಹಿಡಿದೆ. ಇಳಿಯುವಾಗ ಅವರು ಗೋಡೆಗೆ ತಾಗದಂತೆ ಕಂಬಿಯ ಕಡೆಗೇ ನಡೆದರು. ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೂ ಹಾಗೇ ನಡೆದೆ.

ಜಯಮ್ಮ ಬರಲೊಪ್ಪಲಿಲ್ಲ. "ಹಿಟ್ಟು ಹಂಗೇ ಐತೆ. ಇನ್ನೇನು ಅವ್ರು ಗೌರಿ ತತ್ತಾರೆ. ತಾಯಿ ಬರೋ ಹೊತ್ತಿಗೆ ಮನೆ ಬಿಟ್ಟು ಬೀದೀಲಿ ನಿಂತ್ಕೊಳ್ಲಾ? ನಿಮ್ ಸಾರಿಗೆ ಹೇಳು, ಗೋಡೆ ನೆಟ್ಟಗೈತೆ ಅಂತ."

ನಾನು ಗೆರೆಯ ವಿಷಯ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ನನ್ನ ದನಿ ಏರಿತು, ಅವರದೂ ಏರಿತು. ಹೊರಗೆ ಪಂಪ್ ಓಡುತ್ತಲೇ ಇತ್ತು.

ಸಾವಿತ್ರಿ ಹೊಸ್ತಿಲಾಚೆಯಿಂದ ಮೆಲ್ಲಗೆ, "ಅಮ್ಮಾರ, ಗೌರವ್ವ ಇನ್ನಾ ಬಂದಿಲ್ಲಲ್ರೀ. ಬರೋ ತಾಯಿನ್ನ ಒಳಗ ಕುಂತು ಕರೀತಾರೇನು? ಆರತಿ ತಟ್ಟಿ ತಗೊಂಡು ರಸ್ತೆದಾಗ ಹೋಗಿ ಕರ್ಕೊಂಡು ಬರೂಣು ಬರ್ರಿ" ಎಂದರು.

ಜಯಮ್ಮ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆರತಿ ತಟ್ಟೆ ತೆಗೆದುಕೊಂಡರು. ನಾವು ಮೂವರೂ ರಸ್ತೆ ದಾಟಿ ಹೊಂಗೆ ಮರದ ಕೆಳಗೆ ನಿಂತೆವು. ಗೇಟಿನಿಂದ ಕಾಣದ ಪೂರ್ವದ ಗೋಡೆ ಅಲ್ಲಿಂದ ಓರೆಯಾಗಿ ಕಾಣುತ್ತಿತ್ತು. ಕ್ಯಾನ್ ಅಂಗಡಿಯ ಮಣಿ, "ಏನಕ್ಕ, ಮೆರವಣಿಗೇನಾ?" ಎಂದು ತಮಾಷೆ ಮಾಡಿದ.

ಅಷ್ಟರಲ್ಲಿ ಆಟೋ ಬಂತು. ಪಿಳ್ಳಪ್ಪನವರು ಮಡಿಲಲ್ಲಿದ್ದ ಗೌರಿಯನ್ನು ಎತ್ತಿಕೊಂಡು ಇಳಿದರು. ಮುಖ ಕೆಂಪಾಯಿತು. "ಬರ್ಬೇಡ ಅಂದಿದ್ನಲ್ಲಮ್ಮ!"

"ಒಳಗೆ ಹೋಗ್ಬೇಡಿ. ಗೋಡೆ ನಿನ್ನೆಯಿಂದ ಅಲುಗಿದೆ. ಸರ್ ಬರ್ತಿದಾರೆ. ಅವರು ಬರೋವರೆಗೂ ಇಲ್ಲೇ ಇರಿ, ಕೈ ಮುಗೀತೀನಿ."

ಅವರು ಉತ್ತರಿಸುವ ಮೊದಲೇ ಜಯಮ್ಮ, "ಅಯ್ಯೋ, ಒಲೆ ಮೇಲೆ ಎಣ್ಣೆ ಬಾಂಡ್ಲಿ" ಎಂದರು.

ಪಿಳ್ಳಪ್ಪನವರು ಗೌರಿಯನ್ನು ನನ್ನ ಕೈಗಿಟ್ಟರು. "ಕೆಳಗೆ ಇಡ್ಬೇಡ" ಎಂದು ಹೇಳಿ ಓಡಿದರು. ನಾನು ಕೂಗಿದೆ. ಅವರು ತಿರುಗಿ ನೋಡಲಿಲ್ಲ.

ಮೊದಲು ಹೋದದ್ದು ಕಾಂಪೌಂಡು. ಅದು ಬೀಳಲಿಲ್ಲ, ಕೆಳಕ್ಕೆ ಇಳಿಯಿತು. ಆಮೇಲೆ ಬಿಳಿಯ ಗೋಡೆ ನಡುವೆ ಸ್ವಲ್ಪ ಹೊರಕ್ಕೆ ಉಬ್ಬಿದಂತಾಗಿ, ಮೇಲಿನಿಂದ ಕೆಳಗಿನವರೆಗೆ ನಿಂತಲ್ಲೇ ಕುಸಿದು, ಮೆಟ್ಟಿಲ ಅಡಿಯಿಂದ ಗುಂಡಿಯ ಕಡೆಗೆ ಜಾರಿತು. ಮೆಟ್ಟಿಲು ಒಂದು ಕ್ಷಣ ಗೋಡೆಯಿಲ್ಲದೆ ನಿಂತಿತ್ತು. ನಾನು ಅದನ್ನು ಕಂಡಿದ್ದೇನೆ. ಆಮೇಲೆ ಅದೂ ಹೋಯಿತು. ಮಹಡಿಯ ಕೋಣೆ ತೆರೆದುಕೊಂಡು, ಗೋಡೆಗೆ ನೇತುಹಾಕಿದ್ದ ಮಗುವಿನ ಫ್ರಾಕು ರಸ್ತೆಗೆ ಕಾಣಿಸಿತು. ಸದ್ದು ಇದೆಲ್ಲ ಆದ ಮೇಲೆ ಬಂತೆಂದು ನನ್ನ ನೆನಪು. ಹಾಗಾಗಲು ಸಾಧ್ಯವಿಲ್ಲ. ಆದರೆ ನೆನಪು ಹಾಗೇ ಇದೆ. ಧೂಳಿನಲ್ಲಿ ಮನೆ ಕಾಣದಾಯಿತು. ಪಂಪ್ ನಿಂತುಹೋಯಿತು.

ಆ ನಿಶ್ಶಬ್ದದಲ್ಲಿ ಜಯಮ್ಮ ಗಂಡನ ಹೆಸರು ಹಿಡಿದು ಕೂಗಿದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲಂತೆ. ಮತ್ತೆ ಮತ್ತೆ ಕೂಗಿದರು. ಸಾವಿತ್ರಿ ಒಂದು ಕೈಯಲ್ಲಿ ಅವರ ರಟ್ಟೆ ಹಿಡಿದುಕೊಂಡಿದ್ದರು. ನನ್ನ ಕೈಯಲ್ಲಿ ಗೌರಿ. ಜೇಬಿನಲ್ಲಿ ಸರ್ ಕರೆಗೆ ಫೋನ್ ಬಡಿದುಕೊಳ್ಳುತ್ತಿತ್ತು.

ಅಡುಗೆಮನೆ ಪಶ್ಚಿಮದ ತುದಿಯಲ್ಲಿತ್ತು. ಪಿಳ್ಳಪ್ಪನವರು ಮುಂಬಾಗಿಲಿನಿಂದಲೇ ನಡೆದು ಬಂದರು, ತಲೆಯಿಂದ ಕಾಲಿನವರೆಗೆ ಬಿಳಿ. ಗೇಟನ್ನು ತೆರೆದು, ಅಭ್ಯಾಸದಂತೆ ಮತ್ತೆ ಚಿಲಕ ಹಾಕಿದರು. ರಸ್ತೆ ದಾಟಿ ಹೆಂಡತಿಯ ಮುಂದೆ ನಿಂತು, "ಒಲೆ ಆರಿಸ್ದೆ" ಎಂದರು. ಆಮೇಲೆ ಮಣಿಯ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತರು.

ಗೌರಿಯನ್ನು ಆ ವರ್ಷ ಅದೇ ಕಟ್ಟೆಯ ಮೇಲೆ, ಖಾಲಿ ಕ್ಯಾನುಗಳನ್ನು ಸರಿಸಿ, ಕೂರಿಸಿದರು. ಜಯಮ್ಮ ಅಕ್ಕಪಕ್ಕದವರ ಮನೆಯಿಂದ ಅರಿಶಿನ ಕುಂಕುಮ ತಂದು ಪೂಜೆ ಮುಗಿಸಿದರು. ಮೊದಲ ಬಾಗಿನವನ್ನು ಸಾವಿತ್ರಿಗೆ ಕೊಟ್ಟರಂತೆ.

ಆ ಶನಿವಾರ ಬರೆಯಲಾಗಲಿಲ್ಲ. ಮುಂದಿನ ಶನಿವಾರ ಬರೆದೆ. ಕೊನೆಯಲ್ಲಿ, ಹೊಸ ಸುಣ್ಣವೂ ಒಂದು ಗಾಜೇ ಎಂದು ಸೇರಿಸಿದ್ದೆ. ಸರ್ ಓದಿ, "ಇದು ಚೆನ್ನಾಗಿದೆ, ತೆಗೆದುಬಿಡು. ಗೆರೆ ಎಷ್ಟು ಉದ್ದ ಇತ್ತು, ಯಾವ ಬದಿ ಮುಂದೆ ಬಂದಿತ್ತು, ಅದು ಬರಿ" ಎಂದರು. ಅವರ ದನಿ ಎಂದಿನಂತಿರಲಿಲ್ಲ. ತೆಗೆದೆ.

ಗೋಡೆ ಹಳೆಯದು, ಮಳೆಗೆ ನೆನೆದು ತಾನಾಗಿ ಬಿತ್ತು, ಅಂದು ಪಂಪ್ ಓಡಲೇ ಇಲ್ಲ ಎಂದು ಕಂಟ್ರಾಕ್ಟರಿನ ಕಡೆಯವರು ಹೇಳಿದರು. ಈಗಲೂ ಹಾಗೇ ಹೇಳುತ್ತಾರೆ. ನನ್ನ ಬರಹವನ್ನು ಅವರ ವಕೀಲರು 'ಒಬ್ಬ ವಿದ್ಯಾರ್ಥಿನಿಯ ವೆಬ್‌ಸೈಟು' ಎಂದು ಕರೆದರು. ಅದು ಆಗ ಹಾಗಿರಲಿಲ್ಲ. ಅಂದು ಬರೆದದ್ದರಲ್ಲಿ ಒಂದಕ್ಷರವನ್ನೂ ಇವತ್ತಿನವರೆಗೆ ಬದಲಿಸಿಲ್ಲ.

ಶೇಷಾದ್ರಿ ಸರ್ ಬಂದದ್ದು ಎಲ್ಲ ಆದ ಮೇಲೆ. ಅವರು ನೋಡಿಲ್ಲ. ಪಿಳ್ಳಪ್ಪನವರು ಒಳಗಿದ್ದರು, ಅವರೂ ನೋಡಿಲ್ಲ. ಎರಡು ವರ್ಷದ ಹಿಂದೆ ಹೃದಯದ ತೊಂದರೆಯಿಂದ ತೀರಿಕೊಂಡರು. ಪಂಪ್ ಓಡುತ್ತಿದ್ದುದನ್ನು ಕೇಳಿದವರು, ಗೋಡೆ ಹೋದದ್ದನ್ನು ನೋಡಿದವರು ನಾಲ್ವರು. ಅವರಲ್ಲಿ ಮಣಿ ಈಗಿಲ್ಲ. ಜಯಮ್ಮ ಇದ್ದಾರೆ, ಹುಳಿಮಾವಿನಲ್ಲಿ ಮಗಳ ಮನೆಯಲ್ಲಿ. ಸಾವಿತ್ರಿ ಇದ್ದಾರೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಇದ್ದೇನೆ. ಐಶ್ವರ್ಯ ಅಮ್ಮನ ಹೆಗಲ ಮೇಲೆ, ಮರದ ಕಡೆಗೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಅವಳು ಏನನ್ನೂ ನೋಡಲಿಲ್ಲ. ಅವಳೂ ಇದ್ದಾಳೆ.